ತಲೆಯ ಅಳತೆ

ಲಂಡನ್ನಿನ ಸಾಮರ್ಸ್ ಟೌನು, ಮೂರನೇ ಮಾಳಿಗೆ.
ಒಣಹುಲ್ಲು ಹೆಣೆಯುತ್ತೇನೆ, ಟೋಪಿಗೆ ಎಂಟು ಪೆನ್ಸು.
ಮನೆಯೊಡತಿ ಕೆಝಾಯಳ ಬಾಯಿಗೆ ನನ್ನ ಹೆಸರು ಹತ್ತದು;
'ಮುಸ್ಯೂ' ಅನ್ನುತ್ತಾಳೆ, ಸೀನಿದ ಹಾಗೆ.

ಲಿಯೋಂನಿಂದ ತಂದದ್ದು ಎರಡೇ:
ಅಳತೆಪಟ್ಟಿ, ಗಿರಾಕಿಗಳ ಪುಸ್ತಕ.
ನೋಟರಿ ಬ್ಯುಫಾರ್: ಅಗಲ ಹಣೆ, ಎಡಗಿವಿಯ ಮೇಲೆ ಉಬ್ಬು.
ವಿಧವೆ ಟೆರ್ನೂ: ಮಗುವಿನಷ್ಟು ತಲೆ, ಕಪ್ಪು ರೇಷ್ಮೆ, ಬಾಕಿ ಇಲ್ಲ.
ಗಿಲೊಟಿನ್ನಿಗೆ ಹೋದವರ ಪಟ್ಟಿ
ಹತ್ತು ದಿನ ತಡವಾಗಿ ಪತ್ರಿಕೆಯಲ್ಲಿ ಬರುತ್ತದೆ.
ಹೆಸರು ಸಿಕ್ಕರೆ ಪುಸ್ತಕದಲ್ಲಿ ಗೆರೆ ಎಳೆಯುತ್ತೇನೆ,
ಒಂದೇ ಏಟಿಗೆ.

ಕೆಝಾಯಳಿಗೆ ಒಂದು ಮಾತು ಹೇಳಿಲ್ಲ.
ಸಮಿತಿಯವರಿಗೆ ಕೆಂಪು ಟೋಪಿ ಹೊಲಿದವನೂ ನಾನೇ.
ಇನ್ನೂರ ಹನ್ನೊಂದು, ಎಲ್ಲಕ್ಕೂ ಒಂದೇ ಅಳತೆ.
'ಇದಪ್ಪಾ ಸಮಾನತೆ!' ಎಂದು ನಕ್ಕವನು ಮೊರಾಂ.
ದುಡ್ಡು ನಾಳೆ ಎಂದ.
ಆ ನಾಳೆ ಬರುವ ಮೊದಲೇ
ಹುಲ್ಲಿನ ಗಾಡಿಯಲ್ಲಿ ತಲೆಮರೆಸಿಕೊಂಡೆ,
ಟೋಪಿಯವನಿಗೆ ತಕ್ಕ ಮಾತು.

ಇವತ್ತಿನ ಪಟ್ಟಿಯಲ್ಲಿ ಮೊರಾಂನ ಹೆಸರು.
ಗಾಳಿ ತಿರುಗಿದೆ, ಬಂಡಿ ಅದೇ.
ಖುಷಿಯಾಗಬೇಕಿತ್ತು.
ಪುಸ್ತಕ ತೆರೆದರೆ ಅವನ ತಲೆಯ ಅಳತೆಯೇ ಇಲ್ಲ,
ಬರೀ ಬಾಕಿ.
ಗೆರೆ ಎಲ್ಲಿ ಎಳೆಯಲಿ?

ಕೆಳಗಿನಿಂದ ಕೆಝಾಯಳ ಕೂಗು:
ಯಾರೋ ಹುಡುಗಿ, ಚರ್ಚಿಗೆ ಟೋಪಿ ಬೇಕಂತೆ.
ಅಳತೆಪಟ್ಟಿ ಹಿಡಿದು ಇಳಿಯುತ್ತೇನೆ.
ಅವಳು ಕೂದಲನ್ನೆಲ್ಲ ಒಂದು ಕೈಯಲ್ಲಿ ಎತ್ತಿ ಹಿಡಿದು
ಕತ್ತು ಬಗ್ಗಿಸುತ್ತಾಳೆ.
'ಬೇಡ ತಾಯಿ, ತಲೆ ಎತ್ತು' ಅನ್ನುತ್ತೇನೆ,
ಗಾಬರಿಯಲ್ಲಿ, ನನ್ನದೇ ಭಾಷೆಯಲ್ಲಿ.
ಅವಳಿಗೆ ಅರ್ಥವಾಗುವುದಿಲ್ಲ.
ಇನ್ನಷ್ಟು ಬಗ್ಗುತ್ತಾಳೆ.