ತಂತಿ ಇರಲಿ

ಯಲಹಂಕ ಹಳೇಪೇಟೆ, ಮೆಟ್ಟಿಲ ಕೆಳಗಿನ ಕೋಣೆ.
ಇಪ್ಪತ್ತಾರು ವರ್ಷದಿಂದ ಇಲ್ಲಿ ನಾನು ಹಲ್ಲು ಮಾಡುತ್ತೇನೆ.
ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ,
ಜೊತೆಗೊಂದು ಚೀಟಿ: ಬಿಳಿಯ ನಂಬರು.
ಬಿಳಿಯಲ್ಲಿ ಹದಿನಾರು ಬಗೆ ಅಂದರೆ ನನ್ನ ಹೆಂಡತಿ ನಂಬುವುದಿಲ್ಲ.
ಹಾಲು, ಗಂಜಿ, ನೀರು ಮಜ್ಜಿಗೆ, ಒಗೆದೊಗೆದು ಸವೆದ ಪಂಚೆ,
ಬಾಯಿಗೊಂದು.

ಅದಕ್ಕೇ ಇರಬೇಕು, ಬೆಳ್ಳಕ್ಕಿಯಿಂದ ಶುರುಮಾಡಿದೆ.
ಜಕ್ಕೂರು ಕೆರೆ, ಬೆಳಿಗ್ಗೆ ಆರೂಮುಕ್ಕಾಲು,
ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಕುತ್ತಿಗೆಗೆ ಗುಂಡುಕಲ್ಲು.
ಬೋಳು ಕೊಂಬೆಯ ಮೇಲೆ ಅದು ಕೂತಿತ್ತು. ಹೊಡೆದೆ.
ಪರದೆಯಲ್ಲಿ ನೋಡಿದರೆ
ಹಕ್ಕಿಯಾಕಾರದ ಒಂದು ತೂತು.
ಗರಿಯಿಲ್ಲ, ಮಡಿಕೆಯಿಲ್ಲ,
ಹದಿನಾರು ಬಿಳಿ ಬಲ್ಲವನ ಕೈಯಲ್ಲಿ
ಒಂದೂ ಉಳಿದಿರಲಿಲ್ಲ.

"ಬೆಳಕು ಜಾಸ್ತಿ ಕುಡಿದುಬಿಟ್ಟಿದೆ ಅಂಕಲ್, ಎರಡು ಗೀಟು ಇಳಿಸಿ"
ಅಂದವಳು ರುಖಿಯಾ. ಗೇಟಿನ ಪಕ್ಕ ಟೀ ಮಾರುವವರ ಮಗಳು,
ಎರಡನೇ ಪಿಯುಸಿ.
ಹೆಗಲಲ್ಲಿ ಮಾವನ ಮದುವೆ ಕ್ಯಾಮೆರಾ,
ಅದರ ಪಟ್ಟಿಯ ಮೇಲೆ ಸ್ಟುಡಿಯೋ ಹೆಸರು ಇನ್ನೂ ಜರಿಯಲ್ಲಿ.
"ಹಿಂದೆ ಹೋಗಬೇಡಿ. ನೀವು ಹೋದ್ರೆ ಅದೂ ಹೋಗುತ್ತೆ.
ಮತ್ತೆ ಹಕ್ಕಿಗಲ್ಲ, ಕಣ್ಣಿಗೆ ಹಿಡೀರಿ.
ಬಾಲ ಮಸುಕಾದ್ರೆ ಜನ ಕ್ಷಮಿಸ್ತಾರೆ."
ಉಸಿರು ಬಿಟ್ಟು, ಮುಂದಿನದು ಎಳೆಯುವ ಮೊದಲು
ಅಲ್ಲೊಂದು ಸಣ್ಣ ಖಾಲಿ ಇದೆಯಲ್ಲ, ಆಗ ಒತ್ತಬೇಕಂತೆ.
ಅದು ನನಗೆ ಗೊತ್ತಿತ್ತು.
ಮೇಣದಲ್ಲಿ ಹಲ್ಲಿನ ಅಂಚು ಕೆತ್ತುವುದೂ ಅಲ್ಲೇ.

ಮಂಗಳವಾರ ಲ್ಯಾಬಿಗೆ ರಜೆ.
ಎಷ್ಟೋ ಮಂಗಳವಾರ.
ಖಾಲಿ ಕೊಂಬೆಗಳ ದೊಡ್ಡ ಆಸ್ತಿ ಮಾಡಿದೆ:
ಈಗಷ್ಟೇ ಬಿಟ್ಟುಹೋದದ್ದು, ಇನ್ನೂ ಅಲುಗುತ್ತಿರುವುದು,
ಪಿಕಳಾರದ ಬೆನ್ನು, ಅರ್ಧ ಕುಟ್ರುಹಕ್ಕಿ,
ಮಿಂಚುಳ್ಳಿ ಇದ್ದಿರಬಹುದಾದ ಒಂದು ನೀಲಿ ಗೀರು.

ಡಿಸೆಂಬರಿನಲ್ಲಿ ಕಳ್ಳಿಪೀರ.
ಪಂಪ್‌ಹೌಸಿನ ಹತ್ತಿರ ಜೋತುಬಿದ್ದ ಕೇಬಲ್ ತಂತಿ,
ಅದರಲ್ಲಿ ಯಾರದೋ ಗಾಳಿಪಟದ ಬಾಲ.
ಹಾರಿತು, ಗಾಳಿಯಲ್ಲೇ ಚಿಮಟ ಹಾಕಿ ಏನನ್ನೋ ಎತ್ತಿ
ಅದೇ ತಂತಿಗೆ, ಅದೇ ಗೇಣಿಗೆ ವಾಪಸು.
ಮತ್ತೆ ಹಾರಿತು.
ಈ ಸಲ ಅದರ ಹಿಂದೆ ನೋಡಲಿಲ್ಲ,
ಖಾಲಿ ತಂತಿಗೆ ಗುರಿಯಿಟ್ಟು ಕಾದೆ.
ಬಂತು. ಕೊಕ್ಕಿನಲ್ಲಿ ಜೇನುನೊಣ,
ತಂತಿಗೆ ಎರಡು ಸಲ ಬಡಿಯಿತು.
ಉಸಿರು ಬಿಟ್ಟೆ.

ರಾತ್ರಿ ಲ್ಯಾಬಿನ ಕಂಪ್ಯೂಟರು.
ಕಪಾಟಿನಲ್ಲಿ ಪಾರ್ಟಿಗಳು ಒಯ್ಯದ ಸೆಟ್ಟುಗಳು ನಗುತ್ತಿದ್ದವು.
ಬಲಗಡೆ ಕತ್ತರಿಸಿದೆ, ಹನ್ನೆರಡು ಮಹಡಿ ಹೋಯಿತು.
ನೆರಳು ಎತ್ತಿದೆ, ಹಸಿರಿನೊಳಗೆ ಇನ್ನೂ ಮೂರು ಹಸಿರು,
ಗಂಟಲಲ್ಲಿ ಕಾಡಿಗೆಯಂಥ ಗೀಟು.
ಗಾಳಿಪಟದ ಬಾಲ ಒರೆಸಿದೆ.
ಕೈ ನಿಲ್ಲಲಿಲ್ಲ, ತಂತಿಯನ್ನೂ ಒರೆಸಿದೆ.

ಹಕ್ಕಿ ಬರೀ ಆಕಾಶದಲ್ಲಿ ಕೂತಿತ್ತು,
ಬೆರಳು ಮಡಚಿ, ಗಟ್ಟಿಯಾಗಿ
ಏನೂ ಇಲ್ಲದ್ದನ್ನು ಹಿಡಿದುಕೊಂಡು.

ಹೂವಿನ ಅಕ್ಕಯ್ಯಮ್ಮ ನೆನಪಾದಳು.
ಅವಳಿಗೆ ಮಾಡಿಕೊಟ್ಟ ಸೆಟ್ಟು ಮುತ್ತಿನ ಸಾಲು, ನನ್ನ ಹೆಮ್ಮೆ.
ವಾರದೊಳಗೆ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು.
"ನನ್ನ ಮುಂದಿನ ಹಲ್ಲಲ್ಲಿ ಸಂದಿ ಇತ್ತು ಕಣಪ್ಪ,
ಮಾಲೆ ಕಟ್ಟಿ ದಾರ ಕಡಿಯೋ ಜಾಗ.
ಇದನ್ನ ಹಾಕ್ಕಂಡು ನಕ್ರೆ
ಕನ್ನಡೀಲಿ ಬೇರೆ ಯಾರೋ ನಗ್ತಾಳೆ."
ಸಂದಿ ಬಿಡಿಸಿದೆ. ಒಂದನ್ನು ಕೂದಲೆಳೆ ವಾರೆ ಮಾಡಿದೆ,
ಬುಡಕ್ಕೆ ಚೂರು ಎಲೆಅಡಿಕೆ ಬಣ್ಣ.
ಚೌಕಾಸಿಯಿಲ್ಲದೆ ಕಾಸು ಕೊಟ್ಟಳು.

ಹಿಂದಕ್ಕೆ ಹೋದೆ, ಒಂದೊಂದೇ ಹೆಜ್ಜೆ.
ತಂತಿ ಬಂತು, ಜೋತುಬಿದ್ದ ಹಾಗೆಯೇ.
ಗಾಳಿಪಟದ ಬಾಲವೂ ಬಂತು.
ಅದನ್ನಾದರೂ ತೆಗೆಯಲೋ ಅಂತ ಅರ್ಧ ಗಂಟೆ.
ಇರಲಿ ಅಂದೆ.

ಮುಂದಿನ ಮಂಗಳವಾರ ರುಖಿಯಾ
ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.
ತಂತಿಯ ಬಗ್ಗೆ ಒಂದು ಮಾತಿಲ್ಲ.
"ನೊಣ ಸಖತ್ತಾಗಿ ಬಂದಿದೆ ಅಂಕಲ್,
ರೆಕ್ಕೆ ನರ ಕೂಡ ಕಾಣ್ತಿದೆ. ಕಣ್ಣು ಮಾತ್ರ..."
ನನಗೂ ಕಂಡಿತು. ಮೂರು ತಿಂಗಳ ಗುರಿ
ಹೋಗಿ ಕೂತಿದ್ದು ಜೇನುನೊಣದ ಮೇಲೆ.

ಅವಳಪ್ಪ ಟೀ ಕೊಟ್ಟರು, ಸಕ್ಕರೆ ಮುಂದಾಗಿ.
ಆಚೆ ತಂತಿ ಖಾಲಿಯಿತ್ತು.
ಲೋಟ ಕಟ್ಟೆಯ ಮೇಲಿಟ್ಟು
ಅಲ್ಲಿಗೇ ಹಿಡಿದೆ.