ಅರ್ಧ ಗಂಟೆಯ ಬೆಂಕಿ

ಜನವರಿಯಲ್ಲಿ ಪಲ್ಪರಿನ ನೀರು
ಹುಳಿ ನಾತ ಹೊತ್ತು ತೋಡಿಗಿಳಿಯುತ್ತಿತ್ತು,
ಏಡಿಗಳು ದಡಕ್ಕೆ ಬಂದು ಸಾಯುತ್ತಿದ್ದವು.

ಈಗ ಸುಂಟಿಕೊಪ್ಪದ ಈ ಲೈನ್‌ಮನೆಯ ಹಿಂದೆ
ಆ ನೀರಿಗೊಂದು ಗುಂಡಿ, ಮೇಲೆ ಉಬ್ಬುವ ಕಪ್ಪು ರಬ್ಬರು.
ಚೋಮಿ ಅದರ ಹೊಟ್ಟೆ ಮುಟ್ಟಿ ನೋಡುತ್ತಾಳೆ,
ಗಬ್ಬದ ಹಸುವನ್ನು ಮುಟ್ಟಿದ ಹಾಗೆ:
"ಇವತ್ತು ಅನ್ನಕ್ಕಾದೀತು. ಸಾರಿಗೆ ಸಂಶಯ."

ಸಾರಿಗೆ, ಕಸಿ ತೆಗೆದ ಕಾಫಿ ಕಡ್ಡಿ.
ಸ್ನಾನಕ್ಕೆ ಸಿಲ್ವರ್ ಓಕ್ ಸೌದೆ.
ಬಲ್ಬಿಗೆ ಕರೆಂಟು, ಅದು ಇದ್ದರೆ.

ಲೆಕ್ಕ ಬರೆಯಲು ಬಂದವರು
ಇಷ್ಟೇನಾ ಎಂದರು.
ಅವಳು ಗೀರಿದಳು.
ಅರ್ಧ ಗಂಟೆ, ನೀಲಿ.

ಅತ್ತ ತೋಡಿನಲ್ಲಿ ಮಗ ಕಲ್ಲೆತ್ತಿದ:
ಅಡಿಯಲ್ಲೊಂದು ಏಡಿ
ಕೊಂಬೆತ್ತಿ ಜಗಳಕ್ಕೆ ನಿಂತಿತ್ತು.
ಸಾರಿಗಾಯಿತು ಎಂದು ಓಡಿ ಬಂದ.
ಅಷ್ಟರಲ್ಲಿ ಬೆಂಕಿ ಮುಗಿದಿತ್ತು.
ಚೋಮಿ ನಗುತ್ತ
ಕಡ್ಡಿ ಮುರಿಯತೊಡಗಿದಳು.