ಎಂಬತ್ತರ ಹೆಗಲಲ್ಲೊಂದು ಗೂನು

ಡಂಡೀ. ಡಿಸೆಂಬರ್. ನಾಲ್ಕಕ್ಕೆ ಮುಂಚೆಯೇ ಕತ್ತಲು.
ತಣ್ಣನೆ ಕೋಣೆಯಲ್ಲಿ ಎರಡು ಸ್ವೆಟರ್ ತೊಟ್ಟ ಇಶ್ಬೆಲ್ ಕಿನ್ನಿಯರ್
ಕೊಳವೆಗೆ ಸಕ್ಕರೆ ನೀರು ಇಳಿಸುತ್ತಾಳೆ,
ಅಡಿಯಲ್ಲಿ ಗಟ್ಟಿ, ಮೇಲೆ ತೆಳು,
ನಡುವೆ ಎಲ್ಲೂ ಗೆರೆ ಕಾಣಬಾರದು.
ಅವಳಮ್ಮ ಸೆಣಬಿನ ಗಿರಣಿಯವಳು;
ಎಳೆ ಕಡಿಯುವ ಮುಂಚೆಯೇ ಕೈಗೆ ತಿಳಿಯುತ್ತಿತ್ತಂತೆ.

ಯೀಸ್ಟ್ ಅಂದರೆ ನಿಮಗೆ ಬ್ರೆಡ್ಡು, ಬಿಯರು.
ನಮಗೆ ಅದೊಂದು ಊರು,
ನಿಮಿಷಕ್ಕೆ ಎರಡು ಸಾವಿರ ಗಿರಣಿ ಕಟ್ಟುವ ಊರು.
ಕಟ್ಟುವವರ ಪಟ್ಟಿ ಇನ್ನೂರು ದಾಟುತ್ತದೆ,
ಕಟ್ಟಿ ಮುಗಿದದ್ದರಲ್ಲಿ ಒಬ್ಬರೂ ಉಳಿಯುವುದಿಲ್ಲ.

ಮೊದಲು ಉದ್ದನೆ ಒಂದು ಎಳೆ,
ತನ್ನ ಮೇಲೇ ತಾನು ಮಡಿಚಿಕೊಳ್ಳುತ್ತ.
ಒಬ್ಬ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಗಂಟು ಬಿಡಿಸುತ್ತಾನೆ,
ಮತ್ತೊಬ್ಬನದು ಬರೀ ಜಾಗ ಕಾಯುವ ಕೆಲಸ,
ಟವೆಲ್ ಹಾಕಿ ಬಸ್ಸಿನ ಸೀಟು ಹಿಡಿದ ಹಾಗೆ;
ಸೀಟಿನ ಪ್ರೋಟೀನು ಬಂದ ಮೇಲೆ ಎದ್ದು ಹೋಗಬೇಕು.
ಒಂದು ತುಂಡಂತೂ ಬೆನ್ನು ತಿರುಗಿಸಿಯೇ ಕೂರುತ್ತದೆ.
ಅದನ್ನು ಅರೆಸುತ್ತು ತಿರುಗಿಸಿದ ಮೇಲೆಯೇ ಮುಂದಿನ ಮಾತು.
ಕೆಳಗೆ ಒಂದು ಕಾಲು. ಹೆಸರೇ ಹಾಗೆ: ಕಾಲು.
ಹೊರಡುವ ಹೊತ್ತಿಗೆ
ಅದನ್ನೇ ಕಡಿದು ತಿನ್ನುತ್ತಾರೆ.

ಹಗಲಾದರೆ ಕಾರಿಡಾರಿನ ಕಿಟಕಿಯಿಂದ ಟೇ ನದಿ ಕಾಣುತ್ತದೆ.
ರೈಲು ಸೇತುವೆಯ ಪಕ್ಕ, ಬಿದ್ದುಹೋದ ಹಳೆಯದರ ಮೋಟುಕಂಬಗಳು
ಯಾರೂ ಕೀಳದೆ ಇನ್ನೂ ಸಾಲು ನಿಂತಿವೆ.
ಯೀಸ್ಟಿಗೆ ಈ ದುಂದು ತಾಳದು.
ಕಳಚಿದ್ದನ್ನೆಲ್ಲ ಮುಂದಿನ ಕಟ್ಟಡಕ್ಕೆ ಹೊರುತ್ತದೆ.

ಬಾಗಿಲಲ್ಲಿ ತಪಾಸಣೆ. ದಾಟಿದರೂ ಮುಖಕ್ಕೊಂದು ಮುಚ್ಚಳ;
ಅದು ಬೀಳುವ ತನಕ ಸಣ್ಣ ತುಂಡಿನ ಜೊತೆ ಕೂಡುವಂತಿಲ್ಲ.
ನಮ್ಮ ತಳಿಯಲ್ಲಿ ಮುಚ್ಚಳ ತೆಗೆಯುವವನ
ಒಂದೇ ಒಂದು ಅಕ್ಷರ ತಪ್ಪಿದೆ.
ಮೂವತ್ತು ಡಿಗ್ರಿಯಲ್ಲಿ ಹೇಗೋ ಬದುಕುತ್ತವೆ, ಚಳಿಗೆ ಸೊರಗುತ್ತವೆ,
ನನ್ನ ಹಾಗೇ, ಅನ್ನುವಷ್ಟರಲ್ಲಿ ಇಶ್ಬೆಲ್:
"ನಿನಗಾದರೆ ಟೋಪಿ ಇದೆ."

ಎರಡೂವರೆ ಗಂಟೆ ಗಿರಗಿರ ಸುತ್ತಿ ನಿಂತ ಮೇಲೆ
ಪೆನ್ನು ಕಾಗದದ ಮೇಲೆ ಗುಡ್ಡ ಬರೆಯುತ್ತದೆ.
ನಲವತ್ತು, ಎತ್ತರ. ಅರವತ್ತು, ಬರೀ ದಿಬ್ಬ.
ಎಂಬತ್ತರ ಹೆಗಲಲ್ಲಿ, ಇರಬಾರದ ಕಡೆ, ಒಂದು ಗೂನು.

ಓಲೆ ಬಂದಿದೆ. ಸಣ್ಣ ತುಂಡು ಬಂದು ಕೂತಿದೆ.
ಓದಬೇಕಾದ ಮೊದಲ ಅಕ್ಷರದ ಮೇಲೆ ಬೆರಳಿಟ್ಟು
ದೊಡ್ಡದಕ್ಕಾಗಿ ಕಾಯುತ್ತಿದೆ.
ಆ ಕಾಯುವಿಕೆಗೆ ಇಷ್ಟು ತೂಕ,
ಕಾಗದದಲ್ಲಿ ಇಷ್ಟೆತ್ತರ.

ಇಶ್ಬೆಲ್ ಪೆನ್ಸಿಲಿನಲ್ಲಿ ತಾರೀಖು ಹಾಕಿದಳು,
ಕೊಳವೆ ತೊಳೆಯಲು ಎದ್ದಳು.
ಎಲ್ಲೆಲ್ಲೂ ಸಕ್ಕರೆಯ ಅಂಟು.
ನನ್ನ ಬೆರಳೂ ಕಾಗದಕ್ಕೆ ಹತ್ತಿಕೊಂಡಿತ್ತು,
ಅಲ್ಲೇ, ಆ ಗೂನಿನ ಮೇಲೆ.